ಮಗುವನ್ನು ಶಾಲೆಯಲ್ಲಿ ‘ಸ್ವಾಟ್’ ಅಂದರೆ: ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ

ಬಾಡಿಗೆ ಮನೆ, ಜಿಪಿ (ಹತ್ತಿರದ ವೈದ್ಯರ) ನೋಂದಣಿ, ಬಸ್ ಪಾಸು, ಇವನ್ನೆಲ್ಲ ಹೇಳಿಕೊಡಲು ನಮ್ಮ ಕನ್ನಡ ಸಂಘದಲ್ಲಿ ಹತ್ತು ಜನರಿದ್ದಾರೆ. ಓದುವ ಮಕ್ಕಳನ್ನು ಇಲ್ಲಿ ಏನೆಂದು ಕರೆಯುತ್ತಾರೆ ಎಂಬುದನ್ನು ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ಹೊಸಬರ ಕೈಪಿಡಿಯ ಈ ಭಾಗ ನಾನು ಬರೆಯುತ್ತೇನೆ ಎಂದು ಕೇಳಿ ತೆಗೆದುಕೊಂಡೆ.

ಆ ಒಂದು ಪದ

ನಾವು ಬಂದು ಮೂರು ತಿಂಗಳಾಗಿತ್ತು. ಮಗಳು ಇಯರ್ 8, ಅಂದರೆ ಹನ್ನೆರಡು-ಹದಿಮೂರು ವಯಸ್ಸಿನವರ ತರಗತಿ. ಮೈಸೂರಿನಲ್ಲಿದ್ದಾಗ ಮೇಷ್ಟ್ರು ಪ್ರಶ್ನೆ ಮುಗಿಸುವ ಮೊದಲೇ ಕೈ ಎತ್ತುತ್ತಿದ್ದ ಹುಡುಗಿ. ಒಂದು ಶುಕ್ರವಾರ ಒಗೆಯಲು ಹಾಕುವ ಮುಂಚೆ ಅವಳ ಬ್ಲೇಜರ್ ಜೇಬು ತಡಕಿದೆ. ಚಾಕಲೇಟಿನಷ್ಟು ಚಿಕ್ಕದಾಗಿ, ಅಂಚು ಸವೆಯುವ ಹಾಗೆ ಮಡಿಸಿದ ಒಂದು ಕಾಗದ ಸಿಕ್ಕಿತು. ಬಿಡಿಸಿದರೆ ಗಣಿತದ ಟೆಸ್ಟು, 50ಕ್ಕೆ 48.

“ಯಾಕೆ ಪುಟ್ಟಿ ಹೀಗೆ ಮಡಿಸಿಟ್ಟಿದ್ದೀಯ?”

“ಬಸ್ಸಲ್ಲಿ ನೋಡಿದ್ರೆ ಮತ್ತೆ ಸ್ವಾಟ್ ಅಂತಾರಮ್ಮ.”

ನಿಘಂಟಿನಲ್ಲಿ ನೋಡಿದೆ. ಬಹಳ ಓದುವವರು ಎಂದಿತ್ತು. “ಹೊಗಳಿದ್ದಾರಲ್ಲ ಕಣೇ, ಅದಕ್ಯಾಕೆ ಬೇಜಾರು?” ಎಂದುಬಿಟ್ಟೆ. ಆಮೇಲೆ ಅವಳು ಆ ವಿಷಯ ಎತ್ತಲೇ ಇಲ್ಲ. ಪೇರೆಂಟ್ಸ್ ಈವ್ನಿಂಗ್‌ನಲ್ಲಿ ಟೀಚರ್ “ತುಂಬಾ ಮೌನಿ, ಕೈಯನ್ನೇ ಎತ್ತುವುದಿಲ್ಲ” ಎಂದಾಗ ನನಗೆ ಎದೆ ಧಸಕ್ಕೆಂದಿತು.

ನಮ್ಮಲ್ಲೂ ‘ಪುಸ್ತಕದ ಹುಳು’ ಇದೆ, ಬೆಂಗಳೂರಿನ ಕಾಲೇಜುಗಳಲ್ಲಿ ‘ಕುಡುಮಿ’ ಇದೆ. ಆದರೆ ಕುಡುಮಿಯ ನೋಟ್ಸಿಗೆ ಪರೀಕ್ಷೆಯ ಹಿಂದಿನ ದಿನ ಇಡೀ ಕ್ಲಾಸೇ ಕೈಚಾಚುತ್ತದೆ. ನನ್ನ ಮಗಳ ಬಸ್ಸಿನಲ್ಲಿ ‘ಸ್ವಾಟ್’ಗೆ ಆ ಮರ್ಯಾದೆ ಇರಲಿಲ್ಲ. ಕಷ್ಟಪಡುವುದು ಕಣ್ಣಿಗೆ ಬೀಳಬಾರದು, ಓದಿದರೂ ಓದಿಲ್ಲ ಎನ್ನಬೇಕು, ಇದು ಅಲ್ಲಿಯ ಹದಿಹರೆಯದವರ ರೂಢಿ. ‘ಓದು, ಓದು’ ಎಂದು ಬೆಳೆಸಿದ ನಮ್ಮ ಮಕ್ಕಳು ಎರಡರ ಮಧ್ಯೆ ಸಿಕ್ಕಿಬೀಳುತ್ತಾರೆ.

ಪದದ ಹುಟ್ಟು ತಿಳಿದರೆ ಮಗುವಿಗೆ ಸ್ವಲ್ಪ ಬಲ ಬರುತ್ತದೆ. ‘ಸ್ವಾಟ್’ ಎಂಬುದು ‘ಸ್ವೆಟ್’, ಅಂದರೆ ಬೆವರು ಎಂಬ ಪದದ್ದೇ ಆಡುನುಡಿಯ ರೂಪ. ಹತ್ತೊಂಬತ್ತನೇ ಶತಮಾನದಲ್ಲಿ ಸೈನಿಕ ಕಾಲೇಜಿನ ಹುಡುಗರ ಬಾಯಲ್ಲಿ ಓಡಾಡಿದ ಮಾತು. ಬೆವರು ಸುರಿಸಿದವಳು ಎಂದರೆ ಬೈಗುಳವೇ? ಕಾಯಕವೇ ಕೈಲಾಸ ಎಂದ ಶರಣರ ನಾಡಿನವರು ನಾವು. ಲಂಡನ್ನಿನಲ್ಲಿ ಥೇಮ್ಸ್ ದಂಡೆಯ ಮೇಲೆ 2015ರಿಂದ ಬಸವಣ್ಣನವರ ಪ್ರತಿಮೆಯಿದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಇನ್ನೊಂದು ಸಂಗತಿ. 2019ರಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಒಂದು ಸರ್ಕಾರಿ ಕಾಗದದ ಮೇಲೆ ಮಾಜಿ ಪ್ರಧಾನಿ ಡೇವಿಡ್ ಕ್ಯಾಮರನ್ ಅವರನ್ನು ‘ಗರ್ಲಿ ಸ್ವಾಟ್’ ಎಂದು ಬರೆದದ್ದು ಹೊರಬಿತ್ತು. ಇಲ್ಲಿನ ಹೆಣ್ಣುಮಕ್ಕಳು ಸುಮ್ಮನಿರಲಿಲ್ಲ, ಆ ಪದವನ್ನೇ ಬಿರುದಿನಂತೆ ತೊಟ್ಟುಕೊಂಡರು. ಸುಪ್ರೀಂ ಕೋರ್ಟಿನ ಅಧ್ಯಕ್ಷೆಯಾಗಿದ್ದ ಲೇಡಿ ಹೇಲ್ ಕೂಡ ಹುಡುಗಿಯರ ಶಾಲೆಗಳವರ ಸಭೆಯಲ್ಲಿ ಅದನ್ನು ಮೆಚ್ಚುಗೆಯ ಮಾತಾಗಿ ಆಡಿದರು. ಇದನ್ನು ನನ್ನ ಮಗಳಿಗೆ ಹೇಳಿದ ದಿನ ಅವಳು ಎರಡು ಸಲ ಹೇಳಿಸಿಕೊಂಡಳು.

ಕಿವಿಗೆ ಬೀಳುವ ಉಳಿದ ಪದಗಳು

- ಬಾಫಿನ್: ಎರಡನೇ ಮಹಾಯುದ್ಧದ ಕಾಲದಲ್ಲಿ ರೇಡಾರ್‌ನಂಥ ಕೆಲಸದಲ್ಲಿದ್ದ ವಿಜ್ಞಾನಿಗಳಿಗೆ ಸೇನೆಯವರು ಇಟ್ಟ ಹೆಸರು. ಪತ್ರಿಕೆಗಳು ಇಂದೂ ಬಳಸುತ್ತವೆ. ಬೇಡವೆಂದು ಭೌತವಿಜ್ಞಾನಿಗಳ ಸಂಸ್ಥೆ 2023ರಲ್ಲಿ ಅಭಿಯಾನವನ್ನೇ ಮಾಡಿತು. ಮಕ್ಕಳ ಬಾಯಲ್ಲಿ ‘ಬಾಫ್’.
- ನೀಕ್: ನರ್ಡ್ ಮತ್ತು ಗೀಕ್ ಸೇರಿಸಿದ್ದು. ಲಂಡನ್ ಕಡೆ ಹೆಚ್ಚು. ಚುಚ್ಚುಮಾತು.
- ಅನೊರಾಕ್: ಟೋಪಿಯಿರುವ ಮಳೆಜಾಕೆಟ್ಟು, ರೈಲಿನ ನಂಬರಿನಂಥ ಒಂದೇ ವಿಷಯಕ್ಕೆ ಅಂಟಿಕೊಂಡವರೂ ಹೌದು.
- ಕ್ಲೆವರ್ ಕ್ಲಾಗ್ಸ್: ‘ಅತಿ ಬುದ್ಧಿವಂತ’ ಎಂದು ನಾವು ಎಳೆದು ಹೇಳುವಂತೆ.
- ಕೀನ್: ಟೀಚರ್ ಹೇಳಿದರೆ ಮೆಚ್ಚುಗೆ, ಮಕ್ಕಳು ಹೇಳಿದರೆ ಛೇಡಿಸುವುದು.
- ಮಗ್: ಇಲ್ಲಿ ಸುಲಭವಾಗಿ ಮೋಸಹೋಗುವವನು. ‘ಮಗ್’ ಮಾಡುವುದೆಂದರೆ ರಸ್ತೆಯಲ್ಲಿ ಅಡ್ಡಗಟ್ಟಿ ದೋಚುವುದು. ಇಡೀ ಪಾಠ ಮಗ್ ಹೊಡೆದೆ ಎಂದು ಟೀಚರ್ ಮುಂದೆ ಹೇಳಬೇಡಿ.

ಓದುವುದಕ್ಕೆ ಹೇಳುವ ಮಾತುಗಳು

‘ರಿವಿಷನ್’ ಎಂದರೆ ನಮ್ಮಲ್ಲಿ ಓದಿದ್ದನ್ನು ಮತ್ತೊಮ್ಮೆ ತಿರುವಿಹಾಕುವುದು. ಇಲ್ಲಿ ಪರೀಕ್ಷೆಗೆ ಓದುವುದಕ್ಕೆಲ್ಲ ಅದೇ ಹೆಸರು. ‘ಮಾಕ್ಸ್’ ಎಂದರೆ ನಮ್ಮ ಪ್ರಿಪರೇಟರಿ. ‘ಸ್ಟಡಿ ಲೀವ್’ ನಮ್ಮ ಸ್ಟಡಿ ಹಾಲಿಡೇಸ್. ಪರೀಕ್ಷೆಯನ್ನು ಇಲ್ಲಿ ‘ಬರೆಯುವುದಿಲ್ಲ’, ‘ಕೂರುತ್ತಾರೆ’. ‘ನಕಲ್ ಡೌನ್’, ‘ಪುಲ್ ಯುವರ್ ಸಾಕ್ಸ್ ಅಪ್’ ಎಂದು ರಿಪೋರ್ಟಿನಲ್ಲಿ ಕಂಡರೆ ಟೀಚರಿಗೆ ಸಮಾಧಾನವಿಲ್ಲ ಎಂದು ತಿಳಿಯಿರಿ. ‘ಸ್ವಾಟ್ ಅಪ್’ ಎಂಬ ಕ್ರಿಯಾಪದಕ್ಕೆ ಮಾತ್ರ ಕಹಿಯಿಲ್ಲ. ಡ್ರೈವಿಂಗ್ ಥಿಯರಿ ಟೆಸ್ಟಿಗೆ ಓದುವ ದೊಡ್ಡವರೂ ಆಡುತ್ತಾರೆ.

ಹಳೇ ಪ್ರಶ್ನೆಪತ್ರಿಕೆಗಳು ಎಕ್ಯೂಎ, ಓಸಿಆರ್‌ನಂಥ ಪರೀಕ್ಷಾ ಮಂಡಳಿಗಳ ತಾಣಗಳಲ್ಲಿ ಉಚಿತ. ಬಿಬಿಸಿಯ ಪಾಠಗಳ ತಾಣ ಬೈಟ್‌ಸೈಜ್ ಕೂಡ ಉಚಿತ. ಇವನ್ನು ನೋಡದೆ ಟ್ಯೂಷನ್ನಿಗೆ ದುಡ್ಡು ಸುರಿಯಬೇಡಿ.

ಯೂನಿವರ್ಸಿಟಿ ಅಂಕ

70 ಬಂದರೆ ಫಸ್ಟ್. 60ರಿಂದ 69 ‘ಟೂ-ಒನ್’, ಅಂದರೆ ಸೆಕೆಂಡ್ ಕ್ಲಾಸಿನ ಮೇಲಿನ ದರ್ಜೆ. 68 ತಂದವನನ್ನು ಊರಿನ ಲೆಕ್ಕದಲ್ಲಿ ಬೈಯಬೇಡಿ. ‘ಜೆಫ್ ಹರ್ಸ್ಟ್ ಬಂತು’ ಎಂದರೆ ಫಸ್ಟ್, ಪ್ರಾಸಕ್ಕೆ 1966ರ ವಿಶ್ವಕಪ್ ಆಟಗಾರನ ಹೆಸರು. ‘ಡೆಸ್ಮಂಡ್’ ಎಂದರೆ ಟೂ-ಟೂ (ಟೂ-ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನದು), ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಹೆಸರಿನಿಂದ.

ನೀವು ಮಾಡಬೇಕಾದದ್ದು

ಮೊದಲು ನಮ್ಮವರಿಗೇ ಒಂದು ಮಾತು. ಸಂಘದ ವಾಟ್ಸಾಪಿನಲ್ಲಿ ಮಗುವಿನ ಅಂಕಪಟ್ಟಿ ಹಾಕಬೇಡಿ. ಯುಗಾದಿ ಊಟದ ಪಂಕ್ತಿಯಲ್ಲಿ ಬೇರೆ ಮಕ್ಕಳೆದುರು ‘ನಮ್ಮವನಿಗೆ ಎಲ್ಲಾ 9’ (ಜಿಸಿಎಸ್‌ಇ ಪರೀಕ್ಷೆಯ ಅತಿ ಮೇಲಿನ ದರ್ಜೆ) ಎನ್ನಬೇಡಿ. ನಾನೂ ಹಾಗೆ ಹೇಳಿದವಳೇ. ಆ ಮಾತು ಸೋಮವಾರ ಶಾಲೆಯ ಬಸ್ಸು ಹತ್ತಿರುತ್ತದೆ, ತೆರುವುದು ಮಗು.

ಮಗು ಇಂಥ ಪದ ತಂದಾಗ ಅರ್ಥ ಹೇಳಲು ಹೋಗಬೇಡಿ. ಯಾರು, ಎಲ್ಲಿ, ಎಷ್ಟು ಸಲ ಎಂದು ಕೇಳಿ. ಗೆಳೆಯರ ನಗೆಚಾಟಿಕೆಯಾದರೆ ಮಗುವೇ ನಗುತ್ತಾ ಹೇಳುತ್ತದೆ. ಹಾಗಲ್ಲದಿದ್ದರೆ ದಿನಾಂಕ ಹಾಕಿ ಬರೆದಿಟ್ಟು ಫಾರ್ಮ್ ಟ್ಯೂಟರಿಗೆ (ನಮ್ಮ ಕ್ಲಾಸ್ ಟೀಚರ್ ಇದ್ದಂತೆ) ಇಮೇಲ್ ಮಾಡಿ, ಆಮೇಲೆ ಆ ಇಯರ್‌ನ ಮಕ್ಕಳೆಲ್ಲರ ಹೊಣೆ ಹೊತ್ತ ಹೆಡ್ ಆಫ್ ಇಯರ್‌ಗೆ. ಎಲ್ಲ ಬಗೆಯ ಬುಲ್ಲಿಯಿಂಗ್ (ಮಕ್ಕಳು ಮಕ್ಕಳಿಗೆ ಕೊಡುವ ಕಾಟ) ತಡೆಯುವ ಕ್ರಮಗಳು ಸರ್ಕಾರಿ ಶಾಲೆಯ ನಡವಳಿಕೆ ನೀತಿಯಲ್ಲಿ ಇರಲೇಬೇಕೆಂದು ಇಂಗ್ಲೆಂಡಿನ ಕಾನೂನೇ ಹೇಳುತ್ತದೆ. ‘ಹೊಸ ದೇಶ, ದೂರು ಕೊಟ್ಟರೆ ಏನಂದುಕೊಳ್ಳುತ್ತಾರೋ’ ಎಂದು ನಾಲ್ಕು ತಿಂಗಳು ಸುಮ್ಮನಿದ್ದೆ. ಟ್ಯೂಟರ್ ಎರಡೇ ವಾರದಲ್ಲಿ ಮಗಳ ಬಸ್ಸಿನ ಸೀಟು ಬದಲಿಸಿ, ಆ ಹುಡುಗರನ್ನು ಕೂರಿಸಿ ಮಾತಾಡಿದರು.

ಶನಿವಾರದ ಕನ್ನಡ ತರಗತಿ ಮುಗಿದ ಮೇಲೆ ದೊಡ್ಡ ಮಕ್ಕಳು ಅದೇ ಹಾಲಿನಲ್ಲಿ ಎರಡು ಗಂಟೆ ಒಟ್ಟಿಗೆ ಕೂತು ಓದುತ್ತಾರೆ. ಅಲ್ಲಿ ಯಾರೂ ಕಾಗದ ಮಡಿಸಿ ಬಚ್ಚಿಡುವುದಿಲ್ಲ. ನಿಮ್ಮ ಮಗುವನ್ನೂ ಕಳಿಸಿ, ಕೈಲೊಂದು ಹಳೇ ಪ್ರಶ್ನೆಪತ್ರಿಕೆ, ಡಬ್ಬಿಯಲ್ಲಿ ಹತ್ತು ಜನಕ್ಕಾಗುವಷ್ಟು ಚಕ್ಕುಲಿ.