ಊರ ಕೆರೆಯ ಇತಿಹಾಸ: ವಿವಿ ಲೈಬ್ರರಿಯಲ್ಲಿ ಹುಡುಕುವುದು ಹೇಗೆ?

ಚಿಕ್ಕಮಗಳೂರು ಕಡೆಯ ಹಳೇ ಕೆರೆಗಳ ಬಗ್ಗೆ ಎಂ.ಎ. ಪ್ರಬಂಧ ಬರೆಯಬೇಕು ಅಂದುಕೊಳ್ಳಿ. ಗೂಗಲ್‌ನಲ್ಲಿ ಒಂದು ಸಂಜೆ ತಡಕಾಡಿ ‘ಏನೂ ಸಿಗ್ತಿಲ್ಲ’ ಎಂದು ಕೈಚೆಲ್ಲುವವರೇ ಜಾಸ್ತಿ. ಮಾಹಿತಿ ಇರುತ್ತದೆ, ಬೇರೆ ಹೆಸರಿನಡಿ ಕೂತಿರುತ್ತದೆ ಅಷ್ಟೇ.

ಮೊದಲು ಶೋಧಗಂಗಾ ಜಾಲತಾಣ ತೆರೆಯಿರಿ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಇಲ್ಲಿ ಉಚಿತ. ‘ಕೆರೆ’ ಎಂದು ಕನ್ನಡದಲ್ಲಿ ಹುಡುಕಿ. ಆಮೇಲೆ ಅದನ್ನೇ ಇಂಗ್ಲಿಷ್ ಅಕ್ಷರದಲ್ಲೂ, ‘ಟ್ಯಾಂಕ್ ಇರಿಗೇಶನ್’ ಎಂದೂ ಹುಡುಕಿ. ನಿಮ್ಮ ವಿಷಯಕ್ಕೆ ಹತ್ತಿರದ ಒಂದು ಪ್ರಬಂಧ ಸಿಕ್ಕರೆ ಸಾಕು. ಪೂರ್ತಿ ಓದಲು ಹೋಗಬೇಡಿ, ನೇರ ಕೊನೆಯ ಗ್ರಂಥಸೂಚಿಗೆ ಹೋಗಿ. ಬೇರೊಬ್ಬರು ವರ್ಷಗಟ್ಟಲೆ ಹುಡುಕಿದ್ದು ಅಲ್ಲಿ ಸಿದ್ಧವಾಗಿದೆ, ಬಿಡುವುದೇಕೆ?

ಆ ಪಟ್ಟಿ ಹಿಡಿದು ಲೈಬ್ರರಿಯ ಆನ್‌ಲೈನ್ ಕ್ಯಾಟಲಾಗ್ ನೋಡಿ. ಇಲ್ಲೊಂದು ಕಿವಿಮಾತು: ಬ್ರಿಟಿಷರ ಕಾಲದ ಪುಸ್ತಕಗಳಲ್ಲಿ ಚಿಕ್ಕಮಗಳೂರು ಜಿಲ್ಲೆ ‘ಕಡೂರು ಜಿಲ್ಲೆ’. ಹಳೇ ಹೆಸರು ಹಾಕದಿದ್ದರೆ ಒಳ್ಳೊಳ್ಳೆ ಗೆಜೆಟಿಯರ್‌ಗಳು (ಜಿಲ್ಲೆಯ ಸಮಗ್ರ ವಿವರ ಕೊಡುವ ಸರ್ಕಾರಿ ಗ್ರಂಥಗಳು) ಕಣ್ಣಿಗೇ ಬೀಳುವುದಿಲ್ಲ.

ಪುಸ್ತಕ ಯಾವ ಜಾಗದಲ್ಲಿದೆ ಎಂದು ಹೇಳುವ ಕರೆಸಂಖ್ಯೆ (ಕಾಲ್ ನಂಬರ್) ಬರೆದುಕೊಂಡು ಕಪಾಟಿಗೆ ಹೋಗಿ. ವಿಷಯವಾರು ಅಂಕೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯ ಲೈಬ್ರರಿಯಲ್ಲಿ ಕರ್ನಾಟಕದ ಇತಿಹಾಸ 954.87ರಲ್ಲಿರುತ್ತದೆ. ಬೇಕಾದ ಪುಸ್ತಕ ತೆಗೆದುಕೊಂಡು ಸುಮ್ನೆ ವಾಪಸ್ ಬರಬೇಡಿ, ಅಕ್ಕಪಕ್ಕದ್ದನ್ನೂ ತಿರುವಿಹಾಕಿ.

ಕೆರೆಗೆ ನಿಜವಾದ ಸಾಕ್ಷಿ ಶಾಸನ. ಬಿ.ಎಲ್. ರೈಸ್ ತಂದ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 6ನೇ ಸಂಪುಟ ಕಡೂರು ಜಿಲ್ಲೆಯದು. ಒಳಗೆ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ್ದಾರೆ. ಆದರೆ ಮೈಸೂರು ವಿಶ್ವವಿದ್ಯಾಲಯ 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟ, ಶಾಸನ ಸಂಖ್ಯೆ ಎರಡೂ ಬೇರೆ. ಹಳೇ ಪ್ರಬಂಧದಲ್ಲಿನ ಸಂಖ್ಯೆಯನ್ನು ಹೊಸ ಸಂಪುಟದಲ್ಲಿ ಹುಡುಕಿದರೆ ಯಾವುದೋ ಊರಿನ ದಾನಶಾಸನ ಎದುರಾದೀತು. ಟಿಪ್ಪಣಿ ಬರೆಯುವಾಗ ಯಾವ ಆವೃತ್ತಿ ಅನ್ನೋದನ್ನು ತಪ್ಪದೆ ನಮೂದಿಸಿ.

ಇಂಗ್ಲಿಷ್ ಜರ್ನಲ್‌ಗಳ ಕಷ್ಟ ಈಗ ಕಡಿಮೆ. ಕೇಂದ್ರದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 2025ರಲ್ಲಿ ಶುರುವಾಗಿದ್ದು, ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸುಮಾರು 13,000 ಜರ್ನಲ್ ಸಿಗುತ್ತಿವೆ. ಮನೆಯಿಂದಲೇ ಲಾಗಿನ್ ಆಗಬಹುದೇ ಎಂದು ಲೈಬ್ರರಿಯಲ್ಲಿ ಕೇಳಿ.

ಕನ್ನಡದ ಲೇಖನಗಳ ಕಥೆ ಬೇರೆ. ‘ಪ್ರಬುದ್ಧ ಕರ್ನಾಟಕ’ದಂಥ ಪತ್ರಿಕೆಗಳ ಹಳೇ ಸಂಚಿಕೆಗಳಿಗೆ ನಿಯತಕಾಲಿಕ ವಿಭಾಗದ ಬೈಂಡ್ ಮಾಡಿದ ಸಂಪುಟಗಳನ್ನೇ ಕೇಳಬೇಕು. ಕಂಪ್ಯೂಟರ್ ‘ಇಲ್ಲ’ ಅಂದರೂ ಅಲ್ಲಿನ ಹಳೇ ಸಿಬ್ಬಂದಿಯನ್ನು ವಿಚಾರಿಸಿ. ಬೇರೆ ವಿವಿಯ ಲೈಬ್ರರಿಗೆ ಹೋಗುವುದಾದರೆ ವಿಭಾಗದ ಮುಖ್ಯಸ್ಥರ ಪತ್ರ, ಗುರುತಿನ ಚೀಟಿ ಜೊತೆಗಿರಲಿ.