ಎಸ್‌ಎಸ್ ಜಾಬ್‌ಗೆ ಫೀಡ್ ಕಮ್ಮಿ ಮಾಡ್ಬೇಡಿ

ಹೊಸದಾಗಿ ಸಿಎನ್‌ಸಿ ಲೇತ್‌ಗೆ (ಕಂಪ್ಯೂಟರ್ ನಡೆಸುವ, ಲೋಹ ಕಡೆಯುವ ಮೆಷಿನ್) ಬಂದಿರುವವರಿಗೆ ಒಂದು ಮಾತು. ಎಸ್‌ಎಸ್ 304 (ಒಂದು ಬಗೆಯ ಸ್ಟೇನ್‌ಲೆಸ್ ಸ್ಟೀಲ್) ಕೈಗೆ ಬಂದರೆ ಹೆದರಿ ಫೀಡ್ ಇಳಿಸುತ್ತೇವೆ, ಅಲ್ವಾ? ಫೀಡ್ ಅಂದರೆ ಜಾಬ್ (ಕಡೆಯುವ ತುಂಡು) ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಮುಂದೆ ಸಾಗುವ ದೂರ. ನಾನೂ ಅದನ್ನೇ ಮಾಡಿದ್ದೆ. 0.05 ಮಿಮೀ ಇಟ್ಟು ಒಂದೇ ದಿನದಲ್ಲಿ ಮೂರು ಇನ್ಸರ್ಟ್ (ಟೂಲ್‌ಗೆ ಕೂರಿಸುವ, ಕತ್ತರಿಸುವ ತುಂಡು) ಕಳೆದೆ. ಫೀಡ್ ತೀರಾ ಕಮ್ಮಿಯಾದರೆ ಟೂಲ್ ಕತ್ತರಿಸುವುದಿಲ್ಲ, ಸುಮ್ನೆ ಉಜ್ಜುತ್ತದೆ. ಉಜ್ಜಿದಷ್ಟೂ 304ರ ಮೇಲ್ಪದರ ಗಟ್ಟಿಯಾಗುತ್ತದೆ. ಮುಂದಿನ ಪಾಸ್‌ನಲ್ಲಿ ಟೂಲ್ ಆ ಗಟ್ಟಿ ಪದರಕ್ಕೇ ಮುಖ ಕೊಡಬೇಕು. ಈಗ ರಫಿಂಗ್‌ಗೆ (ಮೊದಲ ಒರಟು ಕಟಿಂಗ್) ಒಂದು ಸುತ್ತಿಗೆ 0.2 ಮಿಮೀ ಇಡುತ್ತೇನೆ. ಬಿಸಿ ಜಾಸ್ತಿ ಅನಿಸಿದರೆ ಇಳಿಸುವುದು ಸ್ಪೀಡ್ (ಜಾಬ್ ತಿರುಗುವ ವೇಗ), ಫೀಡ್ ಅಲ್ಲ. ಕೂಲಂಟ್ ಧಾರಾಳವಾಗಿ ಬಿಡಿ.

ಎಂಎಸ್‌ಗೆ (ಮೈಲ್ಡ್ ಸ್ಟೀಲ್) 0.25 ಆರಾಮಾಗಿ ನಡೆಯುತ್ತದೆ. ಚಿಪ್ಸ್ (ಕತ್ತರಿಸಿ ಬೀಳುವ ಲೋಹದ ಸಿಪ್ಪೆ) ನೋಡಿ. 6 ಅಥವಾ 9ರ ಆಕಾರದಲ್ಲಿ ತುಂಡಾಗಿ ಬಿದ್ದರೆ ಸರಿ. ಉದ್ದ ದಾರದ ಹಾಗೆ ಜಾಬ್ ಹಿಡಿಯುವ ಚಕ್‌ಗೆ ಸುತ್ತಿಕೊಂಡರೆ ಫೀಡ್ ಸ್ವಲ್ಪ ಏರಿಸಿ. ಮೆಷಿನ್ ನಿಲ್ಲಿಸದೆ ಅದನ್ನು ಕೈಯಿಂದ ಎಳೆಯಲೇಬೇಡಿ. ಕಾಸ್ಟ್ ಐರನ್‌ಗೆ ಈ ಗುರುತು ನಡೆಯಲ್ಲ, ಅದು ಪುಡಿಯಾಗಿಯೇ ಉದುರುತ್ತದೆ. ಅಲ್ಯೂಮಿನಿಯಂನಲ್ಲಿ ತುದಿಗೆ ಲೋಹ ಅಂಟಿಕೊಳ್ಳುವುದೇ ತಲೆನೋವು. ಅದಕ್ಕೆ ಪಾಲಿಶ್ ಮಾಡಿದ ಚೂಪು ಇನ್ಸರ್ಟ್ ಹಾಕಿ, ಸ್ಪೀಡ್ ಏರಿಸಿ.

ಫಿನಿಶಿಂಗ್‌ಗೆ ಒಂದು ಲೆಕ್ಕವಿದೆ. ಫೀಡ್‌ನ ವರ್ಗವನ್ನು ನೋಸ್ ರೇಡಿಯಸ್‌ನ (ಇನ್ಸರ್ಟ್‌ನ ದುಂಡು ಮೂಲೆಯ ತ್ರಿಜ್ಯ) 8 ಪಟ್ಟಿನಿಂದ ಭಾಗಿಸಿದರೆ ಜಾಬ್ ಮೇಲೆ ಉಳಿಯುವ ಗೀರಿನ ಎತ್ತರ ಸಿಗುತ್ತದೆ. 0.8 ರೇಡಿಯಸ್‌ನಲ್ಲಿ 0.2 ಫೀಡ್‌ಗೆ ಸುಮಾರು 6 ಮೈಕ್ರಾನ್, 0.1ಕ್ಕೆ ಒಂದೂವರೆ. ನಿಜವಾದ ಜಾಬ್‌ನಲ್ಲಿ ಇದಕ್ಕಿಂತ ತುಸು ಹೆಚ್ಚೇ ಬರುತ್ತದೆ, ಟೂಲ್ ಸವೆದಿದ್ದರಂತೂ ಕೇಳಲೇಬೇಡಿ.