ಅವರೆಕಾಯಿ ಬುಟ್ಟಿ ಪಕ್ಕ ಕೂತು ಓದಿದ್ದು

ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನನಗೆ 98 ಬಂತು. ಅದೇ ಮುಳುವಾಯಿತು. "ಇಷ್ಟು ತೆಗೆಯೋನಿಗೆ ಏನಪ್ಪಾ ತೊಂದರೆ, ಸೋಮಾರಿತನ ಅಷ್ಟೇ" ಅಂತ ಮೇಷ್ಟ್ರು ಹೇಳಿದರು, ಅಪ್ಪ ಹೇಳಿದರು, ಕೊನೆಗೆ ನಾನೂ ನಂಬಿದೆ. ಲೆಕ್ಕ ತಲೆಯಲ್ಲೇ ಮುಗಿಯುತ್ತಿತ್ತು. ಬರೆಯೋಕೆ ಕೂತರೆ ಒತ್ತಕ್ಷರ ಬಿಟ್ಟುಹೋಗುತ್ತಿತ್ತು, ಎರಡನೇ ಸಾಲು ಓದುವಷ್ಟರಲ್ಲಿ ಮೊದಲನೆಯದು ಮರೆತಿರುತ್ತಿತ್ತು.

ಎಂ.ಎಸ್ಸಿ.ಯಲ್ಲಿ ಎರಡು ಪೇಪರ್ ಹೋದಾಗ ಅಕ್ಕ ನಿಮ್ಹಾನ್ಸ್‌ಗೆ ಎಳೆದುಕೊಂಡು ಹೋದಳು. ಅಲ್ಲಿ ಪ್ರೈಮರಿ ಸ್ಕೂಲಿನ ಮಾರ್ಕ್ಸ್ ಕಾರ್ಡ್ ಕೇಳಿದರು. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ತೊಂದರೆ) ಅನ್ನಬೇಕಾದರೆ 12 ವರ್ಷದೊಳಗೇ ಲಕ್ಷಣ ಕಂಡಿರಬೇಕಂತೆ. ಅಮ್ಮ ಅಟ್ಟದಿಂದ ಹುಡುಕಿ ತಂದರು, ಪ್ರತಿ ಕಾರ್ಡಿನಲ್ಲೂ ಒಂದೇ ಷರಾ: 'ಬುದ್ಧಿವಂತ, ಗಮನ ಸಾಲದು'. ಪರೀಕ್ಷೆಗಳಲ್ಲಿ ತರ್ಕದ ಭಾಗ ಸಲೀಸಾಗಿ ಮುಗಿಯಿತು. ಆದರೆ ಅವರು ಹೇಳಿದ ಅಂಕಿಗಳನ್ನು ಹಿಂದಿನಿಂದ ಹೇಳಬೇಕಿತ್ತು, ನಾಲ್ಕಕ್ಕೇ ಎಡವಿದೆ. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ನಾನು ಸಾಧಾರಣ ಹುಡುಗ! ಬಿಡಿಬಿಡಿಯಾಗಿ ನೋಡಿದಾಗಲೇ ಎಡಿಎಚ್‌ಡಿ, ಡಿಸ್ಲೆಕ್ಸಿಯಾ (ಓದು-ಬರಹದ ಕಲಿಕಾ ನ್ಯೂನತೆ) ಎರಡೂ ಸಿಕ್ಕವು.

2016ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿಯ ಹೆಸರಿಲ್ಲ. ಹಾಗಾಗಿ ಸರ್ಟಿಫಿಕೇಟ್ ಸಿಕ್ಕಿದ್ದು ಡಿಸ್ಲೆಕ್ಸಿಯಾಕ್ಕೆ. ಅದನ್ನು ಕೊಟ್ಟರೆ ಪರೀಕ್ಷಾ ಆಫೀಸಿನವರು ಮತ್ತೆ ಆ 98 ನೋಡಿ ನಕ್ಕರು. ನಾಲ್ಕು ಸಲ ಅಲೆದ ಮೇಲೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಜಾಸ್ತಿ ಸಮಯ ಕೊಟ್ಟರು.

ಗಮನ ನಿಲ್ಲೋಕೆ ಮಿಥೈಲ್‌ಫೆನಿಡೇಟ್ ಮಾತ್ರೆ ಶುರುವಾಯಿತು. ಮಧ್ಯಾಹ್ನ ಹಸಿವು ಸತ್ತುಹೋಗುತ್ತಿತ್ತು, ಆದರೆ ಕುರ್ಚಿಯಲ್ಲಿ ಕೂರೋಕಾಯಿತು. ಪಾಠಗಳನ್ನು ಫೋನಿನಿಂದ ಓದಿಸಿ, ಲಾಲ್‌ಬಾಗ್‌ನಲ್ಲಿ ನಡೆಯುತ್ತಾ ಕೇಳಿದೆ. ಲೆಕ್ಕದ ಪ್ರತಿ ಹಂತವನ್ನೂ ಬಾಯಲ್ಲಿ ಹೇಳಿ ಆಮೇಲೆ ಬರೆಯೋದು ರೂಢಿ ಮಾಡಿಕೊಂಡೆ.

ಇವೆಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಅಜ್ಜಿ. ಡಿಸೆಂಬರ್‌ನಲ್ಲಿ ಹಜಾರದಲ್ಲಿ ಸೊಗಡಿನ ಅವರೆಕಾಯಿ ಸುಲಿದು, ನೆನೆಸಿದ ಕಾಳು ಹಿತುಕುತ್ತಾ ಕೂರುತ್ತಿದ್ದರು. ರೂಮಿನಲ್ಲಿ ಹತ್ತು ನಿಮಿಷ ಓದಲಾಗದ ನಾನು ಅವರ ಪಕ್ಕ ಎರಡು ಗಂಟೆ ಓದಿಬಿಡುತ್ತಿದ್ದೆ. ಅವರು ಏನೂ ಕೇಳುತ್ತಿರಲಿಲ್ಲ. ಪಕ್ಕದಲ್ಲೊಬ್ಬರು ಸುಮ್ನೆ ತಮ್ಮ ಕೆಲಸ ಮಾಡುತ್ತಿದ್ದರೆ ಸಾಕು, ಎಡಿಎಚ್‌ಡಿ ಇರುವ ಎಷ್ಟೋ ಜನ ಹೀಗೇ ಕೆಲಸ ಮುಗಿಸುತ್ತಾರೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ಅವರೆಕಾಯಿ ಕಾಲ ಮುಗಿದಾಗ ಮಾತ್ರ ದಿಗಿಲಾಯಿತು. ಈಗ ರಾತ್ರಿ 9ಕ್ಕೆ ಸಿಎ ಓದುವ ಗೆಳೆಯನೊಬ್ಬನ ಜೊತೆ ವಿಡಿಯೊ ಕಾಲ್, ಇಬ್ಬರೂ ಮ್ಯೂಟ್. ಕಾಲ್ ಮಾಡೋದನ್ನೇ ನಾನು ವಾರಕ್ಕೊಂದು ಸಲ ಮರೆಯುತ್ತೇನೆ, ಅದಕ್ಕೇ ಮಾಡೋ ಕೆಲಸ ಅವನದು.